ಹಿಟ್ಟು ಬೇಡದ ಸೂಪು

ಈ ಹೊತ್ತಿನ ಭಾಷಣದ ವಿಷಯ ಆಲೂಗಡ್ಡೆ ಮತ್ತು ಸಿಹಿಗೆಣಸಿನ ಸೂಪು. ಅದರಲ್ಲಿಯೂ ಮುಖ್ಯವಾಗಿ, ಆ ಸೂಪು ಗಟ್ಟಿಯಾಗುವ ಬಗೆ. ಹೋಟೆಲಿನಲ್ಲಿ ಸೂಪಿನ ರುಚಿ ಕಂಡವರು ಅದನ್ನೇ ಮನೆಯಲ್ಲಿ ಮಾಡಹೊರಟಾಗ ಮೊದಲು ಕೈ ಹಾಕುವುದು ಕಾರ್ನ್‌ಫ್ಲೋರ್ ಡಬ್ಬಕ್ಕೆ, ಎಂದರೆ ಮೆಕ್ಕೆಜೋಳದ ಪಿಷ್ಟದ ಬಿಳಿಯ ಪುಡಿಗೆ. ಅದು ಮುಗಿದಿದ್ದರೆ ಮೈದಾ, ಅದೂ ಸಾಲದಿದ್ದರೆ ಕೆನೆ. ಮಿಕ್ಕ ತರಕಾರಿಗಳ ಸೂಪಿಗೆ ಇವುಗಳಿಂದ ಉಪಕಾರವಾದೀತು. ಆದರೆ ಆಲೂಗಡ್ಡೆ ಬೇಯುತ್ತಿರುವ ಪಾತ್ರೆಗೆ ಮತ್ತೆ ಹಿಟ್ಟು ಕದಡಿ ಸುರಿಯುವುದು, ಅನ್ನಕ್ಕೆ ಅಕ್ಕಿ ಕಲಸಿದಷ್ಟೇ ಅನಾವಶ್ಯಕ. ಗಟ್ಟಿಯಾಗಿಸುವ ವಸ್ತು ಗಡ್ಡೆಯೊಳಗೇ ಇದೆ. ಅದನ್ನು ಯಾವಾಗ, ಎಷ್ಟು ಹೊರಕ್ಕೆ ಬಿಡಬೇಕು ಎಂಬುದಷ್ಟೇ ಅಡುಗೆಯವರ ಕೆಲಸ.

ಮೊದಲು ಹೆಸರಿನ ಬಗ್ಗೆ ಒಂದು ಮಾತು. ಸಂಸ್ಕೃತದಲ್ಲಿ ‘ಸೂಪ’ ಎಂದರೆ ಬೇಳೆಯ ತೊವ್ವೆ ಅಥವಾ ಸಾರು. ‘ಸೂಪಶಾಸ್ತ್ರ’ ಎಂದರೆ ಪಾಕಶಾಸ್ತ್ರ. 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಅಡುಗೆಯ ಗ್ರಂಥದ ಹೆಸರೂ ಅದೇ. ಇಂಗ್ಲಿಷಿನ ಸೂಪು ಎಂಬ ಪದವಾದರೋ ರಸದಲ್ಲಿ ನೆನೆಸಿದ ರೊಟ್ಟಿ ಎಂಬ ಅರ್ಥದ ಪದದಿಂದ ಬಂದದ್ದು. ಎರಡೂ ಭಾಷೆಗಳಲ್ಲಿ ದನಿ ಕೂಡಿತು, ಅರ್ಥವೂ ಹತ್ತಿರ ಬಂತು, ಆದರೂ ಒಂದು ಇನ್ನೊಂದರಿಂದ ಬಂದದ್ದಲ್ಲ. ಮಂಗರಸನ ಕಾಲದ ಕನ್ನಡ ನಾಡಿನ ಅಡುಗೆಮನೆಗೆ ಆಲೂಗಡ್ಡೆಯಾಗಲಿ ಸಿಹಿಗೆಣಸಾಗಲಿ ಇನ್ನೂ ಬಂದಿರಲಿಲ್ಲ. ಎರಡೂ ಅಮೆರಿಕ ಖಂಡದವು, ಸಮುದ್ರ ದಾಟಿ ಬಂದವು.

ಹಾಗೆ ದಾಟುವಾಗ ಹೆಸರುಗಳು ಅದಲುಬದಲಾದವು. ಕೆರಿಬಿಯನ್ ದ್ವೀಪಗಳ ಟೈನೋ ಜನರು ‘ಬಟಾಟಾ’ ಎಂದು ಕರೆಯುತ್ತಿದ್ದುದು ಸಿಹಿಗೆಣಸನ್ನು. ಆಂಡಿಸ್ ಪರ್ವತದ ಕೆಚುವಾ ಜನರು ಆಲೂಗಡ್ಡೆಯನ್ನು ಕರೆಯುತ್ತಿದ್ದುದು ‘ಪಾಪಾ’ ಎಂದು. ಯುರೋಪಿಗೆ ಬಂದ ಮೇಲೆ ಗೆಣಸಿನ ಹೆಸರು ಆಲೂಗಡ್ಡೆಗೆ ಅಂಟಿಕೊಂಡು, ಇಂಗ್ಲಿಷಿನಲ್ಲಿ ಪೊಟೇಟೊ ಆಯಿತು, ಪೋರ್ಚುಗೀಸರ ಬಾಯಲ್ಲಿ ಬಟಾಟಾ ಆಗಿಯೇ ಉಳಿಯಿತು. ಅದೇ ಮುಂದೆ ಕರಾವಳಿಯಲ್ಲಿ ಬಟಾಟೆ, ಧಾರವಾಡದ ಕಡೆ ಬಟಾಟಿ. ಬೆಂಗಳೂರು, ಮೈಸೂರಿನ ಕಡೆಯ ‘ಉರುಳಗಡ್ಡೆ’ ಮಾತ್ರ ಯಾರ ಸಾಲವೂ ಇಲ್ಲದ ಹೆಸರು.

ಹೆಸರು ಹಂಚಿಕೊಂಡರೂ ಇವೆರಡಕ್ಕೂ ಕುಲದ ಸಂಬಂಧವಿಲ್ಲ ಎಂಬುದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು, ಏಕೆಂದರೆ ಸೂಪಿನ ಪಾತ್ರೆಯಲ್ಲಿ ಇವು ನಡೆದುಕೊಳ್ಳುವ ರೀತಿಯೂ ಬೇರೆ ಬೇರೆಯೇ. ಆಲೂಗಡ್ಡೆ ಬದನೆ, ಟೊಮ್ಯಾಟೊಗಳ ಬಂಧು. ಅದು ಮಣ್ಣಿನೊಳಗೆ ಉಬ್ಬಿದ ಕಾಂಡ, ಆದ್ದರಿಂದಲೇ ಅದರ ಮೈಮೇಲೆ ಮೊಳಕೆಯೊಡೆಯುವ ಕಣ್ಣುಗಳಿರುತ್ತವೆ. ಸಿಹಿಗೆಣಸು ಬೇಲಿಯ ಮೇಲೆ ಹಬ್ಬಿ ತುತ್ತೂರಿಯ ಆಕಾರದ ಹೂ ಬಿಡುವ ಬಳ್ಳಿಗಳ ಬಂಧು; ಅದು ಉಬ್ಬಿದ ಬೇರು. ಒಂದು ಕಾಂಡ, ಇನ್ನೊಂದು ಬೇರು.

ಈಗ ಆಲೂಗಡ್ಡೆಯ ಒಳಗೆ ಏನಿದೆ ಎಂಬ ವಿಚಾರ. ಅದರ ತೂಕದ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ಬರೀ ನೀರು. ಉಳಿದುದರಲ್ಲಿ ದೊಡ್ಡ ಪಾಲು ಪಿಷ್ಟ, ಎಂದರೆ ಗಿಡವು ಮುಂದಿನ ಮೊಳಕೆಗಾಗಿ ಕೂಡಿಟ್ಟ ಗಂಜಿಯ ಅಂಶ. ಈ ಪಿಷ್ಟವು ಸಣ್ಣ ಸಣ್ಣ ಕಣಗಳಾಗಿ ಜೀವಕೋಶಗಳೆಂಬ ಚೀಲಗಳಲ್ಲಿ ತುಂಬಿಕೊಂಡಿರುತ್ತದೆ. ಕೋಶಗಳ ಗೋಡೆಗಳನ್ನು ಪೆಕ್ಟಿನ್ ಎಂಬ ಅಂಟು ಒಂದಕ್ಕೊಂದು ಕೂಡಿಸಿ ಹಿಡಿದಿರುತ್ತದೆ. ತಣ್ಣೀರಿನಲ್ಲಿ ಕಣಗಳು ಸುಮ್ಮನಿರುತ್ತವೆ. ನೀರಿನ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಅವು ಸುತ್ತಲಿನ ನೀರನ್ನು ಹೀರಿ ಹಲವು ಪಟ್ಟು ಉಬ್ಬಿ, ಮೆತ್ತನೆಯ ಗಂಜಿಯಾಗುತ್ತವೆ. ಕುದಿ ಮುಂದುವರಿದಂತೆ ಪೆಕ್ಟಿನ್ ಕರಗುತ್ತದೆ, ಕೋಶಗಳು ಒಂದರಿಂದೊಂದು ಬಿಡಿಯಾಗುತ್ತವೆ, ಹೋಳು ಸೌಟಿನ ಒತ್ತಿಗೆ ಕುಸಿಯುತ್ತದೆ. ಹೀಗೆ ಬಿಡಿಯಾದ ಕೋಶಗಳೂ ಕೆಲವು ಒಡೆದು ಹೊರಬಂದ ಗಂಜಿಯೂ ಸೇರಿದಾಗ ನೀರು ಸೂಪಾಗುತ್ತದೆ.

ಇದು ಕನ್ನಡದ ಅಡುಗೆಮನೆಗೆ ತಿಳಿಯದ ಸಂಗತಿಯೇನಲ್ಲ. ಪೂರಿಗೆ ಮಾಡಿದ ಸಾಗು ನೀರಾಯಿತೆಂದು ಕಂಡಾಗ, ಅದರಲ್ಲೇ ಬೆಂದಿರುವ ಎರಡು ಹೋಳನ್ನು ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಒತ್ತಿ ಹಿಚುಕಿ ಕದಡುವುದನ್ನು ಬಹಳ ಮಂದಿ ಯಾರೂ ಹೇಳಿಕೊಡದೆ ಕಲಿತಿದ್ದಾರೆ. ಸೂಪು ಎಂಬುದು ಆ ಎರಡು ಹೋಳಿನ ಉಪಾಯವನ್ನೇ ಇಡೀ ಪಾತ್ರೆಗೆ ಹರಡಿದ್ದು.

ಹೇಳಿದ್ದನ್ನು ಒಮ್ಮೆ ಕೂಡಿಸಿದರೆ, ಆಲೂಗಡ್ಡೆಯ ಗಂಜಿ ಬಿಸಿಗೆ ಉಬ್ಬುತ್ತದೆ, ಹೋಳು ಕುಸಿದಾಗ ರಸ ಗಟ್ಟಿಯಾಗುತ್ತದೆ. ಇಲ್ಲಿ ಒಂದು ತೊಡಕಿದೆ. ಎಲ್ಲ ಆಲೂಗಡ್ಡೆಗಳೂ ಒಂದೇ ತರಹ ಕುಸಿಯುವುದಿಲ್ಲ. ಹೊಸದಾಗಿ ಕಿತ್ತ, ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಸುಲಿದು ಬರುವ ಎಳೆಯ ಗಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಅದು ಎಷ್ಟು ಬೆಂದರೂ ಅಂಚು ಮುರಿಯದೆ ಹೋಳಾಗಿಯೇ ನಿಲ್ಲುತ್ತದೆ. ಬಲಿತ, ಸಿಪ್ಪೆ ಗಟ್ಟಿಯಾದ ಗಡ್ಡೆಯಲ್ಲಿ ಪಿಷ್ಟ ಹೆಚ್ಚು. ಅದು ಬೆಂದಾಗ ಹಿಟ್ಟುಹಿಟ್ಟಾಗಿ ಉದುರುತ್ತದೆ. ತಳಿಯಿಂದ ತಳಿಗೂ ಈ ವ್ಯತ್ಯಾಸವಿದೆ. ಅಂಗಡಿಯವರನ್ನು ಕೇಳಿದರೆ ಬಹುಶಃ ಎರಡನ್ನೂ ಒಳ್ಳೆಯದೆಂದೇ ಹೇಳುವರು. ಮನೆಯಲ್ಲಿ ಪರೀಕ್ಷಿಸುವ ವಿಧಾನವೊಂದಿದೆ: ಒಂದು ಅಳತೆ ಉಪ್ಪನ್ನು 11 ಅಳತೆ ನೀರಿನಲ್ಲಿ ಪೂರ್ತಿ ಕರಗಿಸಿ, ಆ ಉಪ್ಪುನೀರಿಗೆ ಗಡ್ಡೆಯನ್ನು ಬಿಡಬೇಕು. ಪಿಷ್ಟ ಹೆಚ್ಚಿದ್ದು ತೂಕದಿಂದ ಮುಳುಗುತ್ತದೆ, ಕಡಿಮೆಯಿದ್ದದ್ದು ತೇಲುತ್ತದೆ. ಮುಳುಗಿದ್ದು ಸೂಪಿಗೆ, ತೇಲಿದ್ದು ಪಲ್ಯಕ್ಕೆ.

ಈ ಎರಡು ಗುಣಗಳನ್ನು ಒಂದೇ ಪಾತ್ರೆಯಲ್ಲಿ ದುಡಿಸಿಕೊಂಡವರು ಆಂಡಿಸ್ ಸೀಮೆಯವರು. ಆಲೂಗಡ್ಡೆಯ ತವರಾದ ಆ ಪರ್ವತಗಳಲ್ಲಿ ಅದನ್ನು ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದಾರೆ. ಕೊಲಂಬಿಯ ದೇಶದ ರಾಜಧಾನಿ ಬೊಗೋಟದಲ್ಲಿ ‘ಅಹಿಯಾಕೊ’ ಎಂಬ ಸೂಪಿದೆ. ಅದಕ್ಕೆ ಕೋಳಿಮಾಂಸ, ಮೆಕ್ಕೆಜೋಳದ ತೆನೆಯ ತುಂಡುಗಳು ಮತ್ತು ಮೂರು ಜಾತಿಯ ಆಲೂಗಡ್ಡೆ ಬೀಳುತ್ತವೆ. ಪಾಪಾ ಕ್ರಿಯೊಯಾ ಎಂಬ ಪುಟ್ಟ ಹಳದಿ ಗಡ್ಡೆ ಪೂರ್ತಿ ಕರಗಿ ರಸವನ್ನು ಗಟ್ಟಿ ಮಾಡುತ್ತದೆ. ಮತ್ತೊಂದು ಅರೆಬರೆ ಕರಗುತ್ತದೆ. ಮೂರನೆಯದು ಹಲ್ಲಿಗೆ ಸಿಗಲೆಂದು ಹೋಳಾಗಿ ಉಳಿಯುತ್ತದೆ. ಹಿಟ್ಟಿನ ಮಾತೇ ಇಲ್ಲ. ಆ ಸೂಪಿಗೆ ಪರಿಮಳ ಕೊಡುವ ‘ಗುವಾಸ್ಕಾಸ್’ ಎಂಬ ಸೊಪ್ಪು ಭಾರತದ ತಂಪು ಸೀಮೆಗಳ ಹೊಲಗಳಲ್ಲಿಯೂ ಬೆಳೆದಿದೆ. ಇಲ್ಲಿ ಅದನ್ನು ಕಳೆಯೆಂದು ಕಿತ್ತು ಎಸೆಯುತ್ತಾರೆ.

ಮೂರು ಜಾತಿಯ ಗಡ್ಡೆ ಸಿಗದ ಊರಿನವರು ನಿರಾಶರಾಗಬೇಕಿಲ್ಲ. ಹಾಸನದ ಮಾರುಕಟ್ಟೆಯಿಂದ ಬಂದ ಒಂದೇ ಜಾತಿಯ ಗಡ್ಡೆಯನ್ನು ಎರಡು ಬಗೆಯಾಗಿ ಹೆಚ್ಚಿ, ಎರಡು ಹೊತ್ತಿನಲ್ಲಿ ಪಾತ್ರೆಗೆ ಹಾಕಿದರೆ ಅದೇ ಫಲ ದೊರೆಯುತ್ತದೆ. ಅದರ ಕ್ರಮ ಹೀಗೆ. ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಬಹುದು.

ನಾಲ್ವರಿಗೆ ಅರ್ಧ ಕಿಲೋ ಬಲಿತ ಆಲೂಗಡ್ಡೆ, ಎಂದರೆ ಮಧ್ಯಮ ಗಾತ್ರದ ಐದು. ಒಂದು ದೊಡ್ಡ ಈರುಳ್ಳಿ. ಒಂದು ದೊಡ್ಡ ಚಮಚ ಬೆಣ್ಣೆ. ಒಂದು ಲೀಟರ್ ಬಿಸಿನೀರು. ಅರ್ಧ ಲೋಟ ಹಾಲು. ಉಪ್ಪು, ಕಾಳುಮೆಣಸು. ಸಿಪ್ಪೆ ತೆಗೆದ ಗಡ್ಡೆಯಲ್ಲಿ ಮೂರು ಪಾಲು ಚಿಪ್ಸಿಗೆ ಹೆಚ್ಚುವಷ್ಟಲ್ಲದಿದ್ದರೂ ಸಾಕಷ್ಟು ತೆಳುವಾದ ಬಿಲ್ಲೆಗಳಾಗಲಿ. ಉಳಿದ ಎರಡು ಪಾಲು ಹೆಬ್ಬೆರಳಿನ ಉಗುರಿನಷ್ಟು ಅಗಲದ ಚೌಕ ಹೋಳುಗಳಾಗಲಿ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಚಿಟಿಕೆ ಉಪ್ಪಿನೊಡನೆ ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಬೇಕು. ಈರುಳ್ಳಿ ಕೆಂಪಗಾಗಬಾರದು, ತನ್ನ ನೀರಿನಲ್ಲೇ ಬೆಂದು ಗಾಜಿನಂತಾಗಿ ಸಿಹಿಯ ವಾಸನೆ ಬಿಡಬೇಕು. ಮುಚ್ಚಳ ತೆಗೆದಾಗ ಚುರ್ ಎಂಬ ಸದ್ದು ಜೋರಾಗಿ ಕೇಳಿದರೆ ಉರಿ ಹೆಚ್ಚಾಯಿತೆಂದೇ ಅರ್ಥ. ಬಳಿಕ ತೆಳು ಬಿಲ್ಲೆಗಳನ್ನೂ ಬಿಸಿನೀರನ್ನೂ ಹಾಕಿ, ಕುದಿ ಬಂದ ಮೇಲೆ ಉರಿ ತಗ್ಗಿಸಿ ಹತ್ತು ನಿಮಿಷ ಕಾಯಬೇಕು. ಆಗ ಚೌಕ ಹೋಳುಗಳನ್ನು ಸೇರಿಸಬೇಕು. ಇನ್ನು ಹನ್ನೆರಡು ನಿಮಿಷಕ್ಕೆ ಬಿಲ್ಲೆಗಳು ಮುಟ್ಟಿದರೆ ಕರಗುವಂತಾಗಿ, ಹೋಳುಗಳು ಬೆಂದೂ ನಿಂತಿರುತ್ತವೆ. ಮರದ ಸೌಟನ್ನು ಪಾತ್ರೆಯ ಬದಿಗೆ ಒತ್ತಿ ನಾಲ್ಕಾರು ಬಾರಿ ತಿರುವಿದರೆ ಬಿಲ್ಲೆಗಳೆಲ್ಲ ರಸದಲ್ಲಿ ಲೀನವಾಗುತ್ತವೆ. ಕೊನೆಗೆ ಹಾಲು ಬೆರೆಸಿ, ಕುದಿಸದೆ ಬಿಸಿ ಮಾಡಿ, ಆಗಷ್ಟೇ ಕುಟ್ಟಿದ ಮೆಣಸು ಉದುರಿಸಿದರೆ ಸೂಪು ಸಿದ್ಧ.

ಫ್ರಾನ್ಸಿನಲ್ಲಿ ಇದಕ್ಕೆ ಈರುಳ್ಳಿಯ ಬದಲು ಲೀಕ್ ಎಂಬ, ಈರುಳ್ಳಿ ದಂಟಿನ ದೊಡ್ಡಣ್ಣನಂಥ ತರಕಾರಿಯನ್ನು ಹಾಕಿ, ಸೂಪಿಗೆ ಪಾರ್ಮಾಂತಿಯೆ ಎಂಬಾತನ ಹೆಸರಿಟ್ಟಿದ್ದಾರೆ. 18ನೆಯ ಶತಮಾನದಲ್ಲಿ ಆಲೂಗಡ್ಡೆ ತಿನ್ನಲು ಹಿಂಜರಿಯುತ್ತಿದ್ದ ಫ್ರೆಂಚರನ್ನು ಒಪ್ಪಿಸಲು ಜೀವನವಿಡೀ ಶ್ರಮಿಸಿದ ಔಷಧತಜ್ಞ ಆತ. ಅದೇ ಸೂಪನ್ನು ಕೆನೆ ಸೇರಿಸಿ ತಣ್ಣಗೆ ಬಡಿಸುವ ‘ವಿಶಿಸ್ವಾಸ್’ ಎಂಬ ರೂಪವನ್ನು ನ್ಯೂಯಾರ್ಕಿನ ಹೋಟೆಲೊಂದರ ಬಾಣಸಿಗ ಲೂಯಿ ದಿಯಾ 1917ರಲ್ಲಿ ತಾನು ರೂಪಿಸಿದ್ದಾಗಿ ಹೇಳಿಕೊಂಡಿದ್ದ. ಬಾಲ್ಯದಲ್ಲಿ ಬಿಸಿ ಸೂಪಿಗೆ ತಣ್ಣನೆಯ ಹಾಲು ಸುರಿದುಕೊಂಡು ಕುಡಿಯುತ್ತಿದ್ದ ನೆನಪೇ ಅದಕ್ಕೆ ಮೂಲವಂತೆ. ಉತ್ತರ ಪೋರ್ಚುಗಲ್ಲಿನ ‘ಕಾಲ್ದು ವೆರ್ದ್’, ಎಂದರೆ ಹಸಿರು ಸಾರು, ಇನ್ನೂ ಸರಳ: ಕರಗಿದ ಆಲೂಗಡ್ಡೆಯ ರಸಕ್ಕೆ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಒಂದು ಜಾತಿಯ ಕೋಸಿನ ಎಲೆ ಹಾಕಿ ಎರಡು ಮೂರು ನಿಮಿಷ ಕುದಿಸಿ, ಮೇಲೆ ಆಲಿವ್ ಎಣ್ಣೆ ಬಿಡುತ್ತಾರೆ. ಆ ಎಲೆ ಇಲ್ಲಿ ದೊರೆಯದಿದ್ದರೆ ನವಿಲುಕೋಸಿನ ಎಲೆ ಸಾಕು. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಜಾತಿ. ತರಕಾರಿಯವರು ಮುರಿದು ಪಕ್ಕಕ್ಕೆ ಎಸೆಯುವ ಆ ಎಲೆಯನ್ನು ಕೇಳಿ ಪಡೆದರೆ ದುಡ್ಡೂ ಬೀಳದು.

ಶ್ರೋತೃಗಳೇ, ಬಿಲ್ಲೆ ಕರಗಬೇಕು, ಹೋಳು ನಿಲ್ಲಬೇಕು ಎಂಬುದು ಇಲ್ಲಿಯವರೆಗಿನ ಮಾತಿನ ಸಾರ. ಈಗ ಕೆಡುವ ದಾರಿಗಳ ಕಡೆಗೆ ತಿರುಗೋಣ.

ಮೊದಲನೆಯದು ಮಿಕ್ಸಿ. ಬೆಂದ ಆಲೂಗಡ್ಡೆಯನ್ನು ಮಿಕ್ಸಿಯ ಜಾರಿಗೆ ಹಾಕಿ ಜೋರಾಗಿ ತಿರುಗಿಸಿದರೆ, ಅದರ ಅಲಗು ಕೋಶಗಳನ್ನು ಬಿಡಿಸುವ ಬದಲು ಹರಿದುಹಾಕುತ್ತದೆ. ಒಳಗಿನ ಗಂಜಿಯೆಲ್ಲ ಒಮ್ಮೆಗೇ ಹೊರಬಿದ್ದು ಸೂಪು ಲೋಳೆಲೋಳೆಯಾಗಿ, ಸೌಟು ಎತ್ತಿದರೆ ಎಳೆಯಾಗಿ ಜಗ್ಗುತ್ತದೆ. ಗೋಡೆಗೆ ಕಾಗದ ಅಂಟಿಸುವ ಗೋಂದು ಹೀಗೆಯೇ ಇರುತ್ತದೆ. ನುಣ್ಣಗೇ ಬೇಕೆಂಬವರು ದಪ್ಪ ಜರಡಿಯ ಮೇಲೆ ಸುರಿದು ಸೌಟಿನಿಂದ ತಿಕ್ಕಿ ಇಳಿಸಬಹುದು, ಅಥವಾ ಬೇಳೆ ಮಸೆಯುವ ಕಡಗೋಲಿನಿಂದ ಮಸೆಯಬಹುದು; ಅದು ಕೋಶವನ್ನು ಹರಿಯದೆ ಬಿಡಿಸುತ್ತದೆ. ಕುದಿಯುವ ಸೂಪನ್ನು ಜಾರಿನಲ್ಲಿ ತುಂಬಿ ಮುಚ್ಚಳ ಬಿಗಿಯುವುದು ಬೇರೆ ರೀತಿಯಲ್ಲೂ ಅಪಾಯ: ಗುಂಡಿ ಒತ್ತಿದ ಕ್ಷಣಕ್ಕೆ ಹಬೆ ಒತ್ತರಿಸಿ ಮುಚ್ಚಳ ಹಾರಿ ಮೈಮೇಲೆ ಬೀಳಬಹುದು.

ಎರಡನೆಯದು ಹುಳಿ. ಹುಣಸೆ, ಟೊಮ್ಯಾಟೊ, ನಿಂಬೆ ಯಾವುದನ್ನೂ ಗಡ್ಡೆ ಬೇಯುವ ಮೊದಲು ಹಾಕಬಾರದು. ಹುಳಿಯಲ್ಲಿ ಕೋಶದ ಗೋಡೆ ಕರಗುವುದು ನಿಧಾನ. ಹೋಳು ಅರ್ಧ ಗಂಟೆ ಕುದಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಹುಳಿ ಮಾಡುವಾಗ ತರಕಾರಿ ಬೆಂದ ಮೇಲೆಯೇ ಹುಣಸೆರಸ ಸುರಿಯುವ ರೂಢಿಯ ಹಿಂದಿರುವುದೂ ಇದೇ ಕಾರಣ. ಹಾಲು ಹಾಕಿದ ಸೂಪಿಗಂತೂ ಹುಳಿ ಬೇಡವೇ ಬೇಡ, ಒಡೆಯುತ್ತದೆ.

ಮೂರನೆಯದು ಉಪ್ಪು. ಗಂಜಿಯಂಶ ಹೆಚ್ಚಿದ ರಸದಲ್ಲಿ ಉಪ್ಪಿನ ರುಚಿ ನಾಲಿಗೆಗೆ ತಡವಾಗಿ, ಮಂಕಾಗಿ ತಲುಪುವುದರಿಂದ ಮೊದಲೇ ಅಳತೆ ನಂಬಿ ಸುರಿಯದೆ ಕೊನೆಯಲ್ಲಿ ರುಚಿ ನೋಡಿ ಸರಿಪಡಿಸುವುದು ಲೇಸು. ಸಾರಿಗೆ ಉಪ್ಪು ಜಾಸ್ತಿಯಾದರೆ ಒಂದು ಆಲೂಗಡ್ಡೆ ಹಾಕಿದರೆ ಅದು ಉಪ್ಪನ್ನೆಲ್ಲ ಎಳೆದುಕೊಳ್ಳುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಗಡ್ಡೆ ಉಪ್ಪನ್ನು ಆರಿಸಿ ಹೀರುವುದಿಲ್ಲ. ಉಪ್ಪುನೀರನ್ನೇ ಹೀರುತ್ತದೆ, ಉಳಿದ ಸಾರು ಇದ್ದಷ್ಟೇ ಉಪ್ಪಾಗಿರುತ್ತದೆ. ನೀರು ಬೆರೆಸುವುದೊಂದೇ ಪರಿಹಾರ.

ಇನ್ನು ಸಿಹಿಗೆಣಸು. ಆಲೂಗಡ್ಡೆಯ ಬಗ್ಗೆ ಹೇಳಿದ ಒಂದು ಮಾತನ್ನು ಇಲ್ಲಿ ತಿರುಗುಮುರುಗು ಮಾಡಿಕೊಳ್ಳಬೇಕು: ಅಲ್ಲಿ ಬಿಸಿಗೆ ಪಿಷ್ಟ ಗಂಜಿಯಾಗಿ ನಿಲ್ಲುತ್ತದೆ, ಇಲ್ಲಿ ಬಿಸಿಗೆ ಪಿಷ್ಟ ಸಕ್ಕರೆಯಾಗುತ್ತದೆ. ಗೆಣಸಿನೊಳಗೆ ಅಮೈಲೇಸ್ ಎಂಬ ಕಿಣ್ವವಿದೆ. ಕಿಣ್ವವೆಂದರೆ ತಾನು ಸವೆಯದೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಪ್ರೋಟೀನು. ಗೆಣಸಿನ ಒಳಗಿನ ಬಿಸಿ ಸುಮಾರು 57ರಿಂದ 75 ಡಿಗ್ರಿಯ ನಡುವೆ ಇರುವಷ್ಟು ಹೊತ್ತೂ ಈ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಎಂಬ ಸಕ್ಕರೆಯಾಗಿ ಮಾಡುತ್ತಲೇ ಇರುತ್ತದೆ. ಅದಕ್ಕೂ ಬಿಸಿ ಏರಿದರೆ ತಾನೇ ಸತ್ತುಹೋಗುತ್ತದೆ. ಕೆಂಡದ ಬೂದಿಯಲ್ಲಿ ಹುಗಿದ ಇಡೀ ಗೆಣಸು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದ ಗೆಣಸಿಗಿಂತ ಅಷ್ಟೊಂದು ಸಿಹಿಯಾಗಿರುವುದು ಈ ಕಾರಣಕ್ಕೇ: ಬೂದಿಯ ಬಿಸಿ ತಿರುಳಿಗೆ ಮೆಲ್ಲಗೆ ಇಳಿಯುತ್ತದೆ, ಕಿಣ್ವಕ್ಕೆ ದುಡಿಯಲು ಬಿಡುವು ಸಿಗುತ್ತದೆ.

ಆದ್ದರಿಂದ ಗೆಣಸಿನ ಸೂಪು ಮಾಡುವವರು ಮೊದಲೇ ನಿರ್ಧರಿಸಿಕೊಳ್ಳಬೇಕು. ಸಣ್ಣ ಹೋಳು ಮಾಡಿ ಕುದಿಯುವ ನೀರಿಗೆ ಹಾಕಿದರೆ ಕಿಣ್ವ ಬೇಗ ಸಾಯುತ್ತದೆ. ಸಿಹಿ ಕಡಿಮೆ, ಪಿಷ್ಟ ಉಳಿದು ಸೂಪು ಗಟ್ಟಿ. ಸಿಪ್ಪೆಯ ಸಮೇತ ಇಡಿಯಾಗಿ ತಣ್ಣೀರಿನಲ್ಲಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಸಿಹಿ ಹೆಚ್ಚು, ಸೂಪು ತೆಳು. ಊಟದ ಜೊತೆಗಿನ ಸೂಪಿಗೆ ಮೊದಲನೆಯ ದಾರಿಯೇ ಮೇಲು. ಸಿಹಿ ಸೂಪನ್ನು ಮೆಚ್ಚುವವರು ಇರಬಹುದು, ಆದರೆ ಎರಡನೆಯ ಬಟ್ಟಲು ಕೇಳುವವರು ಅಪರೂಪ; ಅಷ್ಟು ಸಿಹಿ ಬೇಕಿದ್ದರೆ ಪಾಯಸವನ್ನೇ ಮಾಡಬಹುದಲ್ಲ.

ಬೆಳಗಾವಿ, ಖಾನಾಪುರದ ಕಡೆಯಿಂದ ಬರುವ ಗೆಣಸು ಶಿವರಾತ್ರಿಯ ಉಪವಾಸಕ್ಕೆ ಮನೆ ಸೇರುತ್ತದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸಂಕ್ರಾಂತಿಯ ದಿನ ಕಡಲೆಕಾಯಿ, ಅವರೆಕಾಯಿಗಳೊಡನೆ ಒಂದೇ ಹಂಡೆಯಲ್ಲಿ ಬೇಯುತ್ತದೆ. ಆ ಹಂಡೆಯ ಗೆಣಸು, ಕಡಲೆಕಾಯಿಗಳ ಜೋಡಿಯೇ ಸೂಪಿಗೂ ಒಪ್ಪುತ್ತದೆ. ಪಶ್ಚಿಮ ಆಫ್ರಿಕದ ಅಡುಗೆಯಲ್ಲಿ ಗೆಣಸು ಮತ್ತು ಶೇಂಗಾ ಕೂಡಿದ ಖಾರದ ಸಾರು ಉಂಟು. ಅದನ್ನು ಅನುಸರಿಸಿದ ಒಂದು ಕ್ರಮ ಹೀಗಿದೆ. ಅರ್ಧ ಕಿಲೋ ಗೆಣಸನ್ನು ಸಿಪ್ಪೆ ತೆಗೆದು ಸಣ್ಣ ಹೋಳು ಮಾಡಿ ಕೂಡಲೇ ನೀರಿಗೆ ಹಾಕಬೇಕು, ಇಲ್ಲವಾದರೆ ಗಾಳಿ ತಾಗಿ ಕಪ್ಪಾಗುತ್ತದೆ. ಕತ್ತರಿಸಿದಾಗ ಒಸರುವ ಹಾಲಿನಂಥ ಅಂಟು ಕೈಗೆ ಮೆತ್ತಿದರೆ ಎಣ್ಣೆ ಸವರಿ ಒರೆಸಿಕೊಂಡರೆ ಹೋಗುತ್ತದೆ. ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಬೆರಳುದ್ದ ಶುಂಠಿ, ಎರಡು ಹಸಿಮೆಣಸಿನಕಾಯಿ ಬಾಡಿಸಿ, ಒಂದು ಲೀಟರ್ ನೀರು ಕುದಿಸಿ, ಹೋಳುಗಳನ್ನು ಅದಕ್ಕೆ ಬಿಟ್ಟು ಹದಿನೈದು ನಿಮಿಷ ಬೇಯಿಸಬೇಕು. ಹುರಿದ ಶೇಂಗಾ ಎರಡು ಹಿಡಿಯಷ್ಟನ್ನು ಸಿಪ್ಪೆ ತೂರಿ ನುಣ್ಣಗೆ ಅರೆದು, ಬಿಸಿ ರಸದಲ್ಲೇ ಕದಡಿ ಸೇರಿಸಿ, ಐದು ನಿಮಿಷ ಕುದಿಸಬೇಕು. ಆಗಾಗ ಕೈಯಾಡಿಸದಿದ್ದರೆ ತಳ ಹಿಡಿಯುತ್ತದೆ. ಇಳಿಸಿದ ಮೇಲೆ ಒಂದು ನಿಂಬೆಹಣ್ಣಿನ ರಸ. ಆಲೂಗಡ್ಡೆಯ ಸೂಪಿನಲ್ಲಿ ದೂರವಿಟ್ಟ ಹುಳಿ ಇಲ್ಲಿ ಕೊನೆಯಲ್ಲಿ ಬರಲೇಬೇಕು, ಏಕೆಂದರೆ ಸಿಹಿಯನ್ನು ಹದ್ದುಬಸ್ತಿನಲ್ಲಿಡುವುದು ಅದು ಮತ್ತು ಮೆಣಸಿನಕಾಯಿ.

ಶೇಂಗಾದಿಂದ ಇನ್ನೊಂದು ಉಪಕಾರವಿದೆ. ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್ ಎಂಬ ಬಣ್ಣದ ವಸ್ತು ತುಂಬಿರುತ್ತದೆ, ದೇಹವು ಅದನ್ನು ಎ ಜೀವಸತ್ವವಾಗಿ ಮಾಡಿಕೊಳ್ಳುತ್ತದೆ. ಆದರೆ ಅದು ಜೀರ್ಣವಾಗಿ ರಕ್ತ ಸೇರಲು ಊಟದಲ್ಲಿ ತುಸು ಜಿಡ್ಡು ಇರಬೇಕು. ಆಫ್ರಿಕದಲ್ಲಿ ಇಂಥ ಗೆಣಸನ್ನು ಜನಪ್ರಿಯಗೊಳಿಸಿದ ವಿಜ್ಞಾನಿಗಳಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಭಾರತದಲ್ಲಿ ತಿರುವನಂತಪುರದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ಕಿತ್ತಳೆ ತಿರುಳಿನ ‘ಭೂ ಸೋನಾ’, ನೇರಳೆ ತಿರುಳಿನ ‘ಭೂ ಕೃಷ್ಣ’ ಎಂಬ ತಳಿಗಳನ್ನು ಹೊರತಂದಿದೆ. ನೇರಳೆಯ ಸೂಪಿಗೆ ನಿಂಬೆರಸ ಹಿಂಡಿದಾಗ, ಬಿದ್ದ ಹನಿಯ ಸುತ್ತ ಬಣ್ಣ ದಾಸವಾಳದ ಕೆಂಪಿನ ಕಡೆಗೆ ತಿರುಗುತ್ತದೆ. ಮಕ್ಕಳಿರುವ ಮನೆಯಲ್ಲಿ ನಿಂಬೆಯನ್ನು ಅವರ ಕಣ್ಣೆದುರೇ ಹಿಂಡಬೇಕು.

ಗಡ್ಡೆಗಳನ್ನು ಇಡುವ ವಿಚಾರದಲ್ಲಿ ಎರಡೇ ಮಾತು. ಎರಡನ್ನೂ ಫ್ರಿಜ್ಜಿನಲ್ಲಿಡಬಾರದು: ಚಳಿಗೆ ಆಲೂಗಡ್ಡೆಯ ಪಿಷ್ಟ ಸಿಹಿಯಾಗುತ್ತದೆ, ಗೆಣಸಿನ ತಿರುಳು ಬೇಯದಷ್ಟು ಗಡುಸಾಗುತ್ತದೆ. ಬೆಳಕಿಗೆ ಬಿದ್ದು ಹಸಿರಾದ ಆಲೂಗಡ್ಡೆಯಲ್ಲಿ ಸೊಲನಿನ್ ಎಂಬ ಕಹಿ ವಿಷ ಸೇರಿರುತ್ತದೆ, ಅದು ಕುದಿಸಿದರೂ ಹೋಗದು. ಹಸಿರು ಭಾಗವನ್ನು ದಪ್ಪಗೆ ಹೆರೆದು ತೆಗೆಯಬೇಕು, ಹೆಚ್ಚು ಹಸಿರಾದದ್ದನ್ನು ಬಿಸಾಡಬೇಕು.

ಕೊನೆಗೆ, ಉಳಿದ ಸೂಪು. ಮಾಡಿದ ಸೂಪನ್ನಾದರೆ ಫ್ರಿಜ್ಜಿನಲ್ಲಿಡಬಹುದು. ರಾತ್ರಿ ಸೌಟಿನಿಂದ ಹರಿಯುತ್ತಿದ್ದ ಆಲೂಗಡ್ಡೆಯ ಸೂಪು ಬೆಳಗ್ಗೆ ಪಾತ್ರೆ ಬಾಗಿಸಿದರೂ ಅಲುಗದಷ್ಟು ಗಟ್ಟಿಯಾಗಿರುತ್ತದೆ, ಏಕೆಂದರೆ ಉಬ್ಬಿದ್ದ ಪಿಷ್ಟ ತಣಿದಾಗ ಮತ್ತೆ ಒತ್ತಾಗಿ ಕೂಡಿಕೊಳ್ಳುತ್ತದೆ. ಅರ್ಧ ಲೋಟ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುವಿದರೆ ಅದು ಮತ್ತೆ ಸೂಪಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಆ ಮುದ್ದೆಗೆ ಅಕ್ಕಿಹಿಟ್ಟು, ಜೀರಿಗೆ, ಹೆಚ್ಚಿದ ಸಬ್ಬಸಿಗೆ ಸೊಪ್ಪು ಹಾಕಿ ಕಲಸಿ, ಬಾಣಲೆಯ ಒಳಮೈಗೆ ಎಣ್ಣೆ ಸವರಿ ತೆಳ್ಳಗೆ ರೊಟ್ಟಿ ತಟ್ಟಬಹುದು. ರಾತ್ರಿ ಸೂಪಿನ ಪಾತ್ರೆಯ ಹತ್ತಿರ ಸುಳಿಯಗೊಡದ ಹಿಟ್ಟಿಗೆ ಬೆಳಗಿನ ಬಾಣಲೆಯಲ್ಲಿ ಅಡ್ಡಿಯಿಲ್ಲ.